ಮಕ್ಕಳಿಗೆ ಪಿಯಾನೋ ಶಿಕ್ಷಣ: ಆರಂಭ ಯಾವಾಗ?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?’ ಎಂಬ ನಾಣ್ಣುಡಿ ಕನ್ನಡ ನಾಡಿನ ತಂದೆತಾಯಿಗಳಿಗೂ ಅಧ್ಯಾಪಕರಿಗೂ ಚಿರಪರಿಚಿತವಾದುದು. ವಿದ್ಯೆಯನ್ನು ಎಳವೆಯಲ್ಲಿಯೇ ಆರಂಭಿಸಬೇಕೆಂಬ ವಿವೇಕ ಅದರಲ್ಲಿದೆ. ಆದರೆ ತೋಟಗಾರಿಕೆಯನ್ನು ಬಲ್ಲವರಿಗೆ ಇನ್ನೊಂದು ಸತ್ಯವೂ ಗೊತ್ತು. ಗಿಡವು ತೀರ ಎಳೆಯದಾಗಿದ್ದಾಗ ಅವಸರದಿಂದ ಬಗ್ಗಿಸಲು ಹೊರಟರೆ ಅದು ಬಾಗುವುದಿಲ್ಲ, ಮುರಿಯುತ್ತದೆ. ಸಂಗೀತ ಶಿಕ್ಷಣದ ವಿಷಯದಲ್ಲಿ, ಅದರಲ್ಲಿಯೂ ಪಿಯಾನೋದಂತಹ ಕಠಿಣ ವಾದ್ಯದ ವಿಷಯದಲ್ಲಿ, ಈ ಎರಡು ಸತ್ಯಗಳನ್ನೂ ಒಟ್ಟಿಗೆ ನೆನಪಿಡುವುದು ಅಗತ್ಯ. ವಿದ್ಯುತ್ತಿನಿಂದ ನುಡಿಯುವ ಕೀಬೋರ್ಡುಗಳು ಈಗ ಸಾಧಾರಣ ಕುಟುಂಬಗಳ ಮನೆಗಳನ್ನೂ ಪ್ರವೇಶಿಸಿವೆ. ಮೂರು ವರ್ಷದ ಕೂಸನ್ನು ಪಾಠಕ್ಕೆ ಕೂರಿಸಿ ಆತುರಪಡುವ ಪೋಷಕರಿದ್ದಾರೆ. ಮಗುವಿಗೆ ಹತ್ತು ವರ್ಷ ಕಳೆಯಿತು, ಇನ್ನು ಕಾಲ ಮೀರಿತೆಂದು ಕೈಚೆಲ್ಲುವ ಪೋಷಕರೂ ಇದ್ದಾರೆ. ಇವರಿಬ್ಬರ ಆತಂಕವೂ ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಇಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ.

ಈ ಪ್ರಶ್ನೆ ಹೊಸದೇನೂ ಅಲ್ಲ. ಫ್ರಾನ್ಸಿನ ರಾಜಾಸ್ಥಾನದಲ್ಲಿ ಸಂಗೀತಗಾರನಾಗಿದ್ದ ಫ್ರಾಂಸ್ವಾ ಕೂಪರಾನ್ ಎಂಬ ವಿದ್ವಾಂಸನು 1716ರಲ್ಲಿ ಹಾರ್ಪ್ಸಿಕಾರ್ಡ್ ವಾದನವನ್ನು ಕುರಿತು ಒಂದು ಲಕ್ಷಣಗ್ರಂಥವನ್ನು ಪ್ರಕಟಿಸಿದನು. ಹಾರ್ಪ್ಸಿಕಾರ್ಡ್ ಪಿಯಾನೋಗಿಂತ ಹಿರಿಯದಾದ, ಅದೇ ಮಾದರಿಯ ಕೀಲಿಮಣೆಯುಳ್ಳ ವಾದ್ಯ. ಮಕ್ಕಳಿಗೆ ಪಾಠವನ್ನು ಆರಂಭಿಸಲು ಆರರಿಂದ ಏಳು ವರ್ಷದ ವಯಸ್ಸು ತಕ್ಕದ್ದೆಂದು ಕೂಪರಾನ್ ಆ ಗ್ರಂಥದಲ್ಲಿ ಸೂಚಿಸಿದ್ದಾನೆ. ನೆಲಕ್ಕೆ ತಾಗದೆ ನೇತಾಡುವ ಎಳೆಯ ಕಾಲುಗಳ ಕೆಳಗೆ ಆಸರೆಯನ್ನಿಡಬೇಕು, ಎಳೆಯ ಬೆರಳುಗಳಿಗೆ ಆಯಾಸವಾಗದಂತೆ ಹಗುರವಾಗಿ ನುಡಿಯುವ ವಾದ್ಯವನ್ನು ಕೊಡಬೇಕು ಎಂದೂ ಹೇಳಿದ್ದಾನೆ. ಅಷ್ಟೇ ಅಲ್ಲ, ಆರಂಭದ ದಿನಗಳಲ್ಲಿ ಗುರುವಿಲ್ಲದಾಗ ಮಗು ಒಂಟಿಯಾಗಿ ಅಭ್ಯಾಸ ಮಾಡದಿರುವುದೇ ಲೇಸೆಂದು ಬಗೆದು, ತಾನು ಪಾಠ ಮುಗಿಸಿ ಹೊರಡುವಾಗ ವಾದ್ಯದ ಬೀಗದ ಕೈಯನ್ನು ತನ್ನೊಡನೆ ಒಯ್ಯುತ್ತಿದ್ದುದಾಗಿ ಬರೆದಿದ್ದಾನೆ. ಮುಕ್ಕಾಲು ಗಂಟೆ ಶ್ರಮಪಟ್ಟು ಕಲಿಸಿದುದನ್ನು ಮಗು ಕ್ಷಣಮಾತ್ರದಲ್ಲಿ ಕೆಡಿಸಿಕೊಳ್ಳಬಹುದೆಂಬುದು ಅವನ ಅನುಭವ. ಮುನ್ನೂರು ವರ್ಷಗಳ ಹಿಂದಿನ ಈ ಮಾತುಗಳಲ್ಲಿ ವಯಸ್ಸಿನ ಉಲ್ಲೇಖ ಒಂದು ವಾಕ್ಯದಷ್ಟು ಮಾತ್ರ. ಉಳಿದುದೆಲ್ಲವೂ ಮಗುವಿನ ದೇಹ, ಆಸನ, ವಾದ್ಯ ಮತ್ತು ಪಕ್ಕದಲ್ಲಿರುವ ಹಿರಿಯರನ್ನು ಕುರಿತದ್ದು. ಈ ಪ್ರಮಾಣವೇ ಗಮನಾರ್ಹವಾದುದು.

ವಾದ್ಯದ ಸ್ವರೂಪ

ಕಲಿಯುವ ವಯಸ್ಸನ್ನು ನಿರ್ಧರಿಸುವ ಮೊದಲು ಕಲಿಯಬೇಕಾದ ವಾದ್ಯವೆಂತಹುದೆಂಬುದನ್ನು ತಿಳಿಯಬೇಕು. ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಬಾರ್ತೊಲೊಮೆಯೊ ಕ್ರಿಸ್ತೊಫೊರಿ ಎಂಬ ವಾದ್ಯಶಿಲ್ಪಿಯು 1700ರ ಸುಮಾರಿಗೆ ಪಿಯಾನೋವನ್ನು ನಿರ್ಮಿಸಿದನು. ಹಾರ್ಪ್ಸಿಕಾರ್ಡಿನಲ್ಲಿ ತಂತಿಯನ್ನು ಮೀಟಲಾಗುತ್ತದೆ. ಬೆರಳನ್ನು ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ನಾದದ ಪ್ರಮಾಣದಲ್ಲಿ ಹೆಚ್ಚಿನ ಭೇದವಿರದು. ಕ್ರಿಸ್ತೊಫೊರಿಯ ವಾದ್ಯದಲ್ಲಾದರೋ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಬಡಿದು ಒಡನೆಯೇ ಹಿಂದಕ್ಕೆ ಸರಿಯುತ್ತದೆ. ಬೆರಳಿನ ವೇಗಕ್ಕೆ ಅನುಗುಣವಾಗಿ ನಾದವು ಮೃದುವೂ ಆಗುತ್ತದೆ, ಗಂಭೀರವೂ ಆಗುತ್ತದೆ. ‘ಪಿಯಾನೋ’ ಎಂದರೆ ಮೆಲ್ಲಗೆ, ‘ಫೋರ್ಟೆ’ ಎಂದರೆ ಗಟ್ಟಿಯಾಗಿ. ಈ ಎರಡು ಇಟಾಲಿಯನ್ ಪದಗಳು ಸೇರಿ ‘ಪಿಯಾನೋಫೋರ್ಟೆ’ ಎಂಬ ಹೆಸರು ಬಂದಿತು.

ಇಂದಿನ ಪೂರ್ಣಪ್ರಮಾಣದ ಪಿಯಾನೋದಲ್ಲಿ ಬೆರಳಿನಿಂದ ಒತ್ತುವ 88 ಪಟ್ಟಿಗಳಿವೆ. ಅವುಗಳಲ್ಲಿ 52 ಬಿಳಿಯವು, 36 ಕರಿಯವು. ಒಳಗೆ ಸುಮಾರು 230 ಉಕ್ಕಿನ ತಂತಿಗಳನ್ನು ಬಿಗಿಯಲಾಗಿರುತ್ತದೆ. ಇವುಗಳ ಒಟ್ಟು ಸೆಳೆತ ಹಲವಾರು ಟನ್ನುಗಳಷ್ಟಿರುವುದರಿಂದ ಅದನ್ನು ತಡೆಯಲು ಎರಕದ ಕಬ್ಬಿಣದ ಚೌಕಟ್ಟು ಬೇಕಾಗುತ್ತದೆ. ಪಟ್ಟಿಯೊಂದನ್ನು ಒತ್ತಲು ಸುಮಾರು 50 ಗ್ರಾಂ ಭಾರ ಸಾಕು. ಅದು ಸುಮಾರು ಒಂದು ಸೆಂಟಿಮೀಟರಿನಷ್ಟು ಮಾತ್ರ ಕೆಳಗಿಳಿಯುತ್ತದೆ. ಈ ಅತ್ಯಲ್ಪ ಅಂತರದಲ್ಲಿಯೇ ವಾದಕನ ಕೌಶಲವೆಲ್ಲ ಅಡಗಿದೆ.

ಕನ್ನಡಿಗರಿಗೆ ಕೀಲಿಮಣೆಯ ಪರಿಚಯವಾದದ್ದು ಬಹುಮಟ್ಟಿಗೆ ಹಾರ್ಮೋನಿಯಂ ಮೂಲಕ. ಭಜನೆಯ ಮೇಳದಲ್ಲಿ, ನಾಟಕದ ರಂಗದ ಮುಂದೆ, ಶಾಲೆಯ ಪ್ರಾರ್ಥನೆಯಲ್ಲಿ ಅದನ್ನು ಕಾಣದವರಿಲ್ಲ. ಎರಡರಲ್ಲಿಯೂ ಬಿಳಿ ಕರಿ ಪಟ್ಟಿಗಳ ಜೋಡಣೆ ಒಂದೇ. ಪ್ರತಿಯೊಂದು ಸ್ಥಾಯಿಯಲ್ಲಿ ಏಳು ಬಿಳಿ, ಐದು ಕರಿ, ಒಟ್ಟು ಹನ್ನೆರಡು. ಆದರೆ ಕಲಿಯುವವನ ದೃಷ್ಟಿಯಿಂದ ಇವೆರಡರ ನಡುವೆ ಮಹತ್ತರವಾದ ವ್ಯತ್ಯಾಸವಿದೆ. ಭಾರತದಲ್ಲಿ ಬಳಕೆಯಲ್ಲಿರುವ ಹಾರ್ಮೋನಿಯಂನಲ್ಲಿ ಒಂದು ಕೈ ತಿದಿಯನ್ನೊತ್ತುತ್ತದೆ, ಇನ್ನೊಂದು ಕೈ ಮಾತ್ರ ಸ್ವರಗಳನ್ನು ನುಡಿಸುತ್ತದೆ. ಪಿಯಾನೋದಲ್ಲಿ ಎರಡು ಕೈಗಳೂ ಒಂದೇ ಕಾಲದಲ್ಲಿ ಬೇರೆ ಬೇರೆ ಸ್ವರಗಳನ್ನು ಬೇರೆ ಬೇರೆ ನಡೆಯಲ್ಲಿ ನುಡಿಸಬೇಕು. ಹಾರ್ಮೋನಿಯಂನ ಪಾಠ ಹಾಡಿನಿಂದ, ಬಾಯಿಪಾಠದಿಂದ ಸಾಗಬಹುದು. ಪಿಯಾನೋ ಶಿಕ್ಷಣದಲ್ಲಿ ಒಂದು ಹಂತದ ಮೇಲೆ ಲಿಪಿಯನ್ನು ಓದದೆ ಗತ್ಯಂತರವಿಲ್ಲ. ಆ ಲಿಪಿಯಾದರೋ ಐದೈದು ಗೆರೆಗಳ ಎರಡು ಪಂಕ್ತಿಗಳಲ್ಲಿದ್ದು, ಮೇಲಿನದು ಸಾಮಾನ್ಯವಾಗಿ ಬಲಗೈಗೆ, ಕೆಳಗಿನದು ಎಡಗೈಗೆ ಸಂಬಂಧಿಸಿರುತ್ತದೆ. ಕಣ್ಣು ಎರಡು ಪಂಕ್ತಿಗಳನ್ನು ಒಮ್ಮೆಗೇ ಗ್ರಹಿಸಬೇಕು, ಹತ್ತು ಬೆರಳುಗಳು ಅದರಂತೆ ನಡೆಯಬೇಕು, ಕಿವಿ ಇವೆಲ್ಲವನ್ನೂ ಪರೀಕ್ಷಿಸುತ್ತಿರಬೇಕು. ಎಳೆಯ ಮಗುವಿನ ಪಾಲಿಗೆ ಇದು ಸಣ್ಣ ಹೊರೆಯಲ್ಲ.

ಇನ್ನೊಂದು ತೊಡಕು ವಾದ್ಯದ ಗಾತ್ರದ್ದು. ಪಿಟೀಲನ್ನು ಮಗುವಿನ ಅಳತೆಗೆ ಒಪ್ಪುವಂತೆ ಅರ್ಧ, ಕಾಲು ಪ್ರಮಾಣಗಳಲ್ಲಿ ತಯಾರಿಸುತ್ತಾರೆ. ಪಿಯಾನೋಗೆ ಆ ಅನುಕೂಲ ರೂಢಿಯಲ್ಲಿಲ್ಲ. ಷಡ್ಜದಿಂದ ಮೇಲಿನ ಷಡ್ಜಕ್ಕೆ ಬೆರಳು ಚಾಚಬೇಕಾದ ಅಗಲ ಸುಮಾರು 16 ಸೆಂಟಿಮೀಟರು. ದೊಡ್ಡವರಿಗೂ ಮಕ್ಕಳಿಗೂ ಅದು ಒಂದೇ. ಆದುದರಿಂದ ಆರಂಭದ ಪಾಠಗಳೆಲ್ಲ ಐದು ಬೆರಳಿಗೆ ಐದು ಪಟ್ಟಿಗಳೆಂಬ ಮಿತಿಯಲ್ಲಿಯೇ ರಚಿತವಾಗಿರುತ್ತವೆ. ಮಗುವಿನ ಕೈ ಬೆಳೆಯುವುದಕ್ಕೆ ಮುಂಚೆ ಆ ಮಿತಿಯನ್ನು ದಾಟಿಸಲು ಯತ್ನಿಸಿದರೆ ಮಣಿಕಟ್ಟು ಬಿಗಿಯುತ್ತದೆ, ಹೆಗಲು ಮೇಲೇಳುತ್ತದೆ. ಒಮ್ಮೆ ಹತ್ತಿದ ಈ ದುರಭ್ಯಾಸವನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಕಷ್ಟ.

ಇತಿಹಾಸದ ಸಾಕ್ಷ್ಯ

ಎಳವೆಯಲ್ಲಿಯೇ ಪಾಠವನ್ನು ಆರಂಭಿಸಬೇಕೆನ್ನುವವರು ಮೊದಲು ಎತ್ತುವ ಹೆಸರು ಮೊಟ್ಸಾರ್ಟನದು. ಆಸ್ಟ್ರಿಯದ ಸಾಲ್ಜ್‌ಬರ್ಗಿನಲ್ಲಿ 1756ರಲ್ಲಿ ಜನಿಸಿದ ಈ ಪ್ರತಿಭಾವಂತನು ಐದು ವರ್ಷ ತುಂಬುವ ಮೊದಲೇ ಸಣ್ಣ ಸಣ್ಣ ಕೃತಿಗಳನ್ನು ನುಡಿಸುತ್ತಿದ್ದನೆಂಬುದು ನಿಜ. ಅವನ ತಂದೆ ಲಿಯೊಪೋಲ್ಡನು ಪಾಠದ ಪುಸ್ತಕದಲ್ಲಿ ಅದನ್ನು ದಿನಾಂಕ ಸಹಿತ ಗುರುತು ಹಾಕಿಟ್ಟಿದ್ದಾನೆ. ಆದರೆ ಆ ಪುಸ್ತಕವನ್ನು ಸಿದ್ಧಪಡಿಸಿದ್ದು ಮೊಟ್ಸಾರ್ಟನಿಗಾಗಿ ಅಲ್ಲ. ಅವನಿಗಿಂತ ನಾಲ್ಕೂವರೆ ವರ್ಷ ಹಿರಿಯಳಾದ ಅಕ್ಕ ನಾನೆರ್ಲಳಿಗಾಗಿ, 1759ರಲ್ಲಿ. ಅವಳು ಕಲಿಯಲಾರಂಭಿಸಿದ್ದು ಏಳೆಂಟು ವರ್ಷದವಳಿದ್ದಾಗ. ತಂದೆಯು ಅಕ್ಕನಿಗೆ ಹೇಳುತ್ತಿದ್ದ ಪಾಠವನ್ನು ಕೇಳುತ್ತ, ತಾನಾಗಿಯೇ ವಾದ್ಯದ ಬಳಿ ಹೋಗಿ ಇಂಪಾದ ಸ್ವರಜೋಡಿಗಳನ್ನು ಹುಡುಕುತ್ತ ತಮ್ಮನು ಬೆಳೆದನು. ಅಂದರೆ ಅವನ ಕಿವಿಗೆ ಶಿಕ್ಷಣ ಮೊದಲು ದೊರೆಯಿತು, ಬೆರಳಿಗೆ ಅನಂತರ ದೊರೆಯಿತು. ಮನೆಯಲ್ಲಿ ಸಂಗೀತವಿತ್ತು, ಮಗು ಅದರತ್ತ ನಡೆದುಬಂದಿತು.

ಇದೇ ಕಥೆಗೆ ಇನ್ನೊಂದು ಮುಖವೂ ಉಂಟು. ಯುರೋಪಿನ ರಾಜಸಭೆಗಳಲ್ಲಿ ತಮ್ಮನೊಡನೆ ನುಡಿಸಿ ಮೆಚ್ಚುಗೆ ಪಡೆದ ನಾನೆರ್ಲಳು ಪ್ರೌಢೆಯಾದ ಮೇಲೆ ಸಂಚಾರದಿಂದ ದೂರ ಉಳಿಯಬೇಕಾಯಿತು. 1769ರ ಕೊನೆಯಲ್ಲಿ ತಂದೆ ಮಗ ಇಬ್ಬರೂ ಇಟಲಿಗೆ ಹೊರಟಾಗ ಹದಿನೆಂಟರ ಆ ಕನ್ಯೆ ತಾಯಿಯೊಡನೆ ಊರಿನಲ್ಲಿಯೇ ಉಳಿದಳು. ತಕ್ಕ ವಯಸ್ಸಿನಲ್ಲಿ ಆರಂಭವಾದ ವಿದ್ಯೆಯೂ ಹಿರಿಯರ ನಿರ್ಧಾರದಿಂದ ಅರ್ಧದಲ್ಲಿ ನಿಲ್ಲಬಹುದೆಂಬುದಕ್ಕೆ ಅವಳ ಬಾಳು ನಿದರ್ಶನ.

ಬೀಥೋವನನ ಬಾಲ್ಯ ಇನ್ನೂ ಕಠಿಣವಾದುದು. 1778ರ ಮಾರ್ಚ್ 26ರಂದು ಜರ್ಮನಿಯ ಕಲೋನ್ ನಗರದಲ್ಲಿ ಅವನ ಪ್ರಥಮ ಸಾರ್ವಜನಿಕ ವಾದನ ನಡೆಯಿತು. ಆಗ ಅವನಿಗೆ ಏಳು ವರ್ಷ ತುಂಬಿತ್ತು. ಆದರೆ ಅವನ ತಂದೆಯು ಪ್ರಕಟಣೆಯಲ್ಲಿ ಆರು ವರ್ಷವೆಂದು ಹಾಕಿಸಿದನು. ಎರಡನೆಯ ಮೊಟ್ಸಾರ್ಟನೆಂದು ಜನ ಬೆರಗಾಗಲೆಂಬ ಹಂಬಲ ಅದರ ಹಿಂದೆ ಇದ್ದಿತು. ಮಗನ ವಿದ್ಯೆಗಿಂತ ಮಗನ ವಯಸ್ಸೇ ತಂದೆಗೆ ಮುಖ್ಯವಾದಾಗ ಸುಳ್ಳು ಹೇಗೆ ಮನೆ ಹೊಗುತ್ತದೆಂಬುದನ್ನು ಈ ಒಂದು ಸಂಗತಿ ತೋರಿಸುತ್ತದೆ. ಬೀಥೋವನನು ಮಹಾಪುರುಷನಾದನು, ದಿಟ. ಆದರೆ ಅಂತಹ ತಂದೆಯ ಒತ್ತಾಯಕ್ಕೆ ಸಿಲುಕಿ ಸಂಗೀತವನ್ನೇ ತೊರೆದ ಮಕ್ಕಳೆಷ್ಟೋ. ಅವರ ಹೆಸರನ್ನು ಇತಿಹಾಸ ಬರೆದಿಡುವುದಿಲ್ಲ.

ಲೈಪ್‌ಜಿಗ್ ನಗರದ ಪಿಯಾನೋ ಶಿಕ್ಷಕ ಫ್ರೀಡ್ರಿಶ್ ವೀಕನು ತನ್ನ ಮಗಳು ಕ್ಲಾರಾಳಿಗೆ ಐದನೆಯ ವಯಸ್ಸಿನಲ್ಲಿ ಪಾಠ ಆರಂಭಿಸಿದನು. ಒಂಬತ್ತರಲ್ಲಿಯೇ ಅವಳು ಸಭೆಯಲ್ಲಿ ನುಡಿಸಿದಳು. ಮುಂದೆ ಸುಮಾರು ಅರುವತ್ತು ವರ್ಷಗಳ ಕಾಲ ಶ್ರೇಷ್ಠ ವಾದಕಿಯೆಂದು ಮಾನ್ಯಳಾಗಿದ್ದಳು. ಶಿಸ್ತಿನ ಶಿಕ್ಷಣದ ಫಲವೆಷ್ಟಿರಬಹುದೆಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ದೊರೆಯಲಾರದು. ಆದರೆ ಮಗಳ ದಿನಚರಿಯನ್ನು ಕೂಡ ತಂದೆಯೇ, ‘ನಾನು’ ಎಂದು ಅವಳ ಮಾತಿನಲ್ಲಿ, ಬರೆಯುತ್ತಿದ್ದನು. ಆ ಮಗುವಿನ ಪಾಲಿಗೆ ತನ್ನದೆಂಬುದು ಎಷ್ಟು ಉಳಿದಿತ್ತೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು.

ಇದೇ ವೀಕನ ಬಳಿ ಕಲಿಯಲು ಇಪ್ಪತ್ತರ ವಯಸ್ಸಿನಲ್ಲಿ ಬಂದವನು ರಾಬರ್ಟ್ ಶೂಮನ್. ನ್ಯಾಯಶಾಸ್ತ್ರದ ವ್ಯಾಸಂಗವನ್ನು ಬಿಟ್ಟು ಬಂದ ಅವನಿಗೆ, ಕಳೆದುಹೋದ ಕಾಲವನ್ನು ಬೇಗನೆ ತುಂಬಿಕೊಳ್ಳುವ ಆತುರವಿತ್ತು. ಬೆರಳಿಗೆ ಬಲ ಬರಲೆಂದು ಯಾಂತ್ರಿಕ ಸಾಧನವನ್ನೂ ಬಳಸಿದನು. ಅದರಿಂದಲೋ ಬೇರೆ ಕಾರಣದಿಂದಲೋ, ಬಲಗೈಯ ಬೆರಳು ದುರ್ಬಲವಾಗಿ ವಾದಕನಾಗುವ ಅವನ ಆಸೆ ಅಲ್ಲಿಗೇ ಮುಗಿಯಿತು. ಅವನು ಸಂಗೀತ ರಚನೆಗೆ ತಿರುಗಿದನು, ಕ್ಲಾರಾಳನ್ನು ವಿವಾಹವಾದನು. 1848ರಲ್ಲಿ ಹಿರಿಯ ಮಗಳು ಮೇರಿಯ ಏಳನೆಯ ಹುಟ್ಟುಹಬ್ಬಕ್ಕೆಂದು ಕೆಲವು ಸಣ್ಣ ಕೃತಿಗಳನ್ನು ರಚಿಸಿಕೊಟ್ಟನು. ಅದೇ ಬೆಳೆದು 43 ಕೃತಿಗಳ ‘ಎಳೆಯರ ಸಂಪುಟ’ವಾಯಿತು. ಆತುರದ ಬೆಲೆಯನ್ನು ಸ್ವತಃ ತೆತ್ತ ತಂದೆಯು ಮಗಳ ಮುಂದಿಟ್ಟುದು ಯಂತ್ರವನ್ನಲ್ಲ, ಸುಲಭವೂ ಸುಂದರವೂ ಆದ ಸಂಗೀತವನ್ನು.

ಆಧುನಿಕ ಸಂಶೋಧನೆಯ ನಿಲುವು

ವಯಸ್ಸಿಗೂ ಸಂಗೀತಕ್ಕೂ ಇರುವ ಸಂಬಂಧವನ್ನು ವಿಜ್ಞಾನಿಗಳು ಇತ್ತೀಚಿನ ದಶಕಗಳಲ್ಲಿ ಪರಿಶೀಲಿಸಿದ್ದಾರೆ. 1995ರಲ್ಲಿ ಪ್ರಕಟವಾದ ಪ್ರಸಿದ್ಧ ಅಧ್ಯಯನವೊಂದರಲ್ಲಿ, ಮೆದುಳಿನ ಎಡಬಲ ಭಾಗಗಳನ್ನು ಕೂಡಿಸುವ ನರತಂತುಗಳ ಸೇತುವೆಯ ಮುಂಭಾಗವು, ಏಳು ವರ್ಷಕ್ಕೆ ಮೊದಲೇ ವಾದ್ಯಾಭ್ಯಾಸ ಆರಂಭಿಸಿದವರಲ್ಲಿ ಹೆಚ್ಚು ದೊಡ್ಡದಾಗಿರುವುದು ಕಂಡುಬಂದಿತು. ಎರಡು ಕೈಗಳನ್ನು ಹೊಂದಿಸಿ ನಡೆಸುವ ಕೆಲಸದಲ್ಲಿ ಈ ಸೇತುವೆಯ ಪಾತ್ರವಿದೆ. ಯಾವ ಆಧಾರಶ್ರುತಿಯೂ ಇಲ್ಲದೆ ಕೇಳಿದ ಸ್ವರದ ಹೆಸರನ್ನು ಹೇಳಬಲ್ಲ ಅಪೂರ್ವ ಶಕ್ತಿಯೂ ಬಹುಮಟ್ಟಿಗೆ ಆರೇಳು ವರ್ಷಗಳ ಒಳಗೆ ಕಲಿಯತೊಡಗಿದವರಲ್ಲಿಯೇ ಕಾಣುತ್ತದೆ.

ಈ ಸಂಗತಿಗಳನ್ನು ಓದಿ ಗಾಬರಿಯಾಗಬೇಕಾದ ಕಾರಣವಿಲ್ಲ. ಬೇಗ ಆರಂಭಿಸಿದವರು ಹೆಚ್ಚು ವರ್ಷ ಅಭ್ಯಾಸ ಮಾಡಿದವರೂ ಆಗಿರುತ್ತಾರೆ. ಇದು ವಯಸ್ಸಿನ ಫಲವೆಷ್ಟು, ಅಭ್ಯಾಸದ ಫಲವೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಸ್ವರದ ಹೆಸರನ್ನು ಥಟ್ಟನೆ ಹೇಳುವ ಶಕ್ತಿಯಿಲ್ಲದೆಯೂ ಮಹಾವಾದಕರಾದವರು ಬಹಳ ಮಂದಿ. ಭಾರತೀಯ ಸಂಗೀತದಲ್ಲಂತೂ ಗಾಯಕನ ಕಂಠಕ್ಕೆ ತಕ್ಕಂತೆ ಷಡ್ಜವೇ ಸ್ಥಾನ ಬದಲಿಸುತ್ತದೆ. ಇಲ್ಲಿ ಬೇಕಾದುದು ಸ್ವರಸ್ವರಗಳ ನಡುವಣ ಸಂಬಂಧದ ಜ್ಞಾನ; ಅದನ್ನು ಯಾವ ವಯಸ್ಸಿನಲ್ಲಿಯೂ ಬೆಳೆಸಿಕೊಳ್ಳಬಹುದು.

ಮೊಟ್ಸಾರ್ಟನ ಸಂಗೀತವನ್ನು ಕೇಳಿಸಿದರೆ ಕೂಸು ಬುದ್ಧಿವಂತನಾಗುತ್ತದೆಂಬ ಮಾತೂ ಜನಜನಿತವಾಗಿದೆ. ಅದಕ್ಕೆ ಮೂಲವಾದ 1993ರ ಪ್ರಯೋಗ ನಡೆದದ್ದು ಕೂಸುಗಳ ಮೇಲಲ್ಲ, ಕಾಲೇಜು ವಿದ್ಯಾರ್ಥಿಗಳ ಮೇಲೆ. ಆಕಾರಗಳನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳುವ ಒಂದು ಬಗೆಯ ಪರೀಕ್ಷೆಯಲ್ಲಿ ಕಂಡ ಸ್ವಲ್ಪ ಪ್ರಗತಿಯೂ ಹತ್ತು ಹದಿನೈದು ನಿಮಿಷಗಳಷ್ಟೇ ಉಳಿಯಿತು. ಸಂಗೀತವನ್ನು ಸಂಗೀತಕ್ಕಾಗಿ ಕಲಿಸಬೇಕೇ ಹೊರತು ಗಣಿತದ ಅಂಕಗಳಿಗಾಗಿ ಕಲಿಸಬಾರದು.

ತಡವಾಗಿ ಬಂದವರು

ವಯಸ್ಸು ಮೀರಿತೆಂದು ನಿರಾಶರಾಗುವವರಿಗೆ ಧೈರ್ಯ ತುಂಬುವ ನಿದರ್ಶನಗಳೂ ಇವೆ. ಪೋಲೆಂಡಿನ ಪಾದೆರೆವ್‌ಸ್ಕಿಯು ವಿಯೆನ್ನಾದ ಮಹಾಗುರು ಲೆಶೆತಿಟ್ಸ್‌ಕಿಯ ಬಳಿ ಶಿಷ್ಯವೃತ್ತಿ ಕೈಗೊಂಡಾಗ ಅವನಿಗೆ ಇಪ್ಪತ್ತನಾಲ್ಕು ವರ್ಷ. ಬಾಲ್ಯದಲ್ಲಿ ಸ್ವಲ್ಪ ಕಲಿತಿದ್ದನಾದರೂ ಆ ವಯಸ್ಸಿನಲ್ಲಿ ಮೊದಲಿನಿಂದ ತಿದ್ದಿಕೊಳ್ಳಬೇಕಾಯಿತು. ಅವನು ಜಗದ್ವಿಖ್ಯಾತ ವಾದಕನಾದನು. 1919ರಲ್ಲಿ ತನ್ನ ದೇಶದ ಪ್ರಧಾನಮಂತ್ರಿಯೂ ಆದನು. ಸೋವಿಯತ್ ದೇಶದ ರಿಕ್ಟರ್ ಬಹುಮಟ್ಟಿಗೆ ತಾನೇ ಕಲಿತವನು. 1937ರಲ್ಲಿ ಇಪ್ಪತ್ತೆರಡರ ವಯಸ್ಸಿನಲ್ಲಿ ಮಾಸ್ಕೋ ಸಂಗೀತ ವಿದ್ಯಾಲಯವನ್ನು ಸೇರಿ ಇಪ್ಪತ್ತನೆಯ ಶತಮಾನದ ಅಗ್ರಗಣ್ಯ ವಾದಕರಲ್ಲಿ ಒಬ್ಬನಾದನು.

ಎಲ್ಲಕ್ಕಿಂತ ಸ್ವಾರಸ್ಯಕರವಾದುದು ಜಪಾನಿನ ಶಿನಿಚಿ ಸುಜುಕಿಯವರ ಜೀವನ. ಮಕ್ಕಳಿಗೆ ಮೂರು ನಾಲ್ಕು ವರ್ಷಗಳಲ್ಲಿಯೇ ಸಂಗೀತ ಶಿಕ್ಷಣ ಕೊಡಬೇಕೆಂಬ ಮತವನ್ನು ಲೋಕದಲ್ಲಿ ಪ್ರಚುರಪಡಿಸಿದವರೇ ಅವರು. ಅಂತಹ ಸುಜುಕಿಯವರು ಪಿಟೀಲನ್ನು ಮೊದಲಿಗೆ ಕಲಿಯತೊಡಗಿದ್ದು ಹದಿನೇಳನೆಯ ವಯಸ್ಸಿನಲ್ಲಿ. ತಂದೆಯ ಪಿಟೀಲು ಕಾರ್ಖಾನೆಯ ನಡುವೆಯೇ ಬೆಳೆದಿದ್ದರೂ, ಗ್ರಾಮೋಫೋನಿನಲ್ಲಿ ಒಬ್ಬ ವಾದಕನ ನಾದವನ್ನು ಕೇಳುವವರೆಗೂ ಆ ವಾದ್ಯದ ಹಿರಿಮೆ ಅವರಿಗೆ ಹೊಳೆದಿರಲಿಲ್ಲ. ಕಿವಿ ತೆರೆದ ದಿನವೇ ವಿದ್ಯಾರಂಭದ ದಿನವಾಯಿತು.

ಸುಜುಕಿಯವರ ಪದ್ಧತಿಯನ್ನು ಹಲವರು ತಪ್ಪಾಗಿ ಗ್ರಹಿಸಿದ್ದಾರೆ. ಮಗು ಮಾತೃಭಾಷೆಯನ್ನು ಹೇಗೆ ಕಲಿಯುತ್ತದೆಯೋ ಹಾಗೆಯೇ ಸಂಗೀತವನ್ನೂ ಕಲಿಯಬೇಕೆಂಬುದು ಅದರ ಸಾರ. ಮಗು ಮೊದಲು ಮಾತನ್ನು ಕೇಳುತ್ತದೆ, ಅನಂತರ ಆಡುತ್ತದೆ, ಬಹುಕಾಲದ ಮೇಲೆ ಅಕ್ಷರವನ್ನು ಓದುತ್ತದೆ. ಆದುದರಿಂದ ಈ ಪದ್ಧತಿಯಲ್ಲಿ ಮಗು ಕಲಿಯಬೇಕಾದ ಕೃತಿಗಳು ಪ್ರತಿನಿತ್ಯ ಮನೆಯಲ್ಲಿ ಕೇಳಿಬರುತ್ತವೆ. ತಾಯಿಯೋ ತಂದೆಯೋ ಪಾಠದ ವೇಳೆ ಜೊತೆಯಲ್ಲಿ ಕುಳಿತು ತಾವೂ ಮೊದಲ ಪಾಠಗಳನ್ನು ಕಲಿಯುತ್ತಾರೆ. ಲಿಪಿಯ ಓದು ಆಮೇಲೆ ಬರುತ್ತದೆ. ಪಿಟೀಲಿಗಾಗಿ ಹುಟ್ಟಿದ ಈ ಕ್ರಮವನ್ನು ಮುಂದೆ ಪಿಯಾನೋಗೂ ಅಳವಡಿಸಲಾಯಿತು. ಹಿರಿಯರು ಸಮಯ ಕೊಡುವ ಮನೆಯಲ್ಲಿ ಮಾತ್ರ ನಾಲ್ಕು ವರ್ಷದ ಆರಂಭ ಫಲಕೊಡುತ್ತದೆ. ಶುಲ್ಕವನ್ನು ಮಾತ್ರ ಕೊಟ್ಟು ಸಮಯ ಕೊಡದ ಮನೆಯಲ್ಲಿ ಅದು ಮಗುವಿಗೆ ಶಿಕ್ಷೆಯೇ ಸರಿ.

ಹಿಂದಿನ ಮಹಾಸಂಗೀತಗಾರರೂ ಈ ಸತ್ಯವನ್ನು ಬಲ್ಲವರಾಗಿದ್ದರು. ಜೊಹಾನ್ ಸೆಬಾಸ್ಟಿಯನ್ ಬಾಕನು 1720ರಲ್ಲಿ ಒಂಬತ್ತು ವರ್ಷದ ಹಿರಿಯ ಮಗ ವಿಲ್‌ಹೆಲ್ಮ್ ಫ್ರೀಡೆಮನನಿಗೆ ಸ್ವಹಸ್ತದಿಂದ ಪಾಠದ ಪುಸ್ತಕವನ್ನು ಬರೆಯತೊಡಗಿದನು. ಸ್ವರಲಿಪಿಯ ಪರಿಚಯದಿಂದ ಮೊದಲಾಗಿ, ಯಾವ ಸ್ವರಕ್ಕೆ ಯಾವ ಬೆರಳೆಂಬ ಸೂಚನೆಯವರೆಗೆ ಎಲ್ಲವೂ ಅದರಲ್ಲಿವೆ. ಎರಡು ಕೈಗಳು ಎರಡು ಧಾರೆಗಳನ್ನು ಸಮಾನ ಗೌರವದಿಂದ ನುಡಿಸುವುದನ್ನು ಕಲಿಸುವ, ಇಂದಿಗೂ ವಿದ್ಯಾರ್ಥಿಗಳು ಅಭ್ಯಾಸಮಾಡುವ ಕೃತಿಗಳ ಮೊದಲ ರೂಪ ಇರುವುದು ಆ ಪುಸ್ತಕದಲ್ಲಿಯೇ. ಹಂಗೆರಿಯ ಬೇಲಾ ಬಾರ್ಟೋಕನು ‘ಮೈಕ್ರೊಕಾಸ್ಮೊಸ್’ ಎಂಬ ಆರು ಭಾಗಗಳ, 153 ಕೃತಿಗಳ ಕ್ರಮಬದ್ಧ ಪಾಠಮಾಲೆಯನ್ನು 1939ರ ಹೊತ್ತಿಗೆ ಪೂರ್ಣಗೊಳಿಸಿದನು. ಅದರ ಮೊದಲ ಎರಡು ಭಾಗಗಳು ಅವನ ಮಗ ಪೇಟರನಿಗೆ ಅರ್ಪಿತವಾಗಿವೆ. ಪೇಟರನು ಪಾಠ ಆರಂಭಿಸಿದ್ದು ಒಂಬತ್ತರ ಪ್ರಾಯದಲ್ಲಿ. ಬಾಕ್, ಶೂಮನ್, ಬಾರ್ಟೋಕ್ ಈ ಮೂವರೂ ತಮ್ಮ ಮಕ್ಕಳ ಪಕ್ಕದಲ್ಲಿ ಕುಳಿತ ತಂದೆಯರು. ಆ ಮೂವರ ಪೈಕಿ ಯಾರಿಗೂ ಆರು ತಿಂಗಳು ಮೊದಲಾಗಲಿಲ್ಲವೆಂಬ ಆತಂಕವಿದ್ದಂತೆ ತೋರುವುದಿಲ್ಲ.

ಮೈಸೂರಿನ ಒಂದು ನಿದರ್ಶನ

ಕರ್ನಾಟಕಕ್ಕೂ ಪಿಯಾನೋಗೂ ನಿಜವಾದ ನಂಟೊಂದಿದೆ. ಮೈಸೂರಿನ ಕೊನೆಯ ಮಹಾರಾಜರಾದ ಜಯಚಾಮರಾಜ ಒಡೆಯರು (1919-1974) ಪಾಶ್ಚಾತ್ಯ ಸಂಗೀತದಲ್ಲಿ ಗಾಢವಾದ ಆಸಕ್ತಿ ಹೊಂದಿದ್ದು, ಪಿಯಾನೋ ವಾದನದಲ್ಲಿ ಪರಿಶ್ರಮ ಪಡೆದಿದ್ದರು. ವಾದಕರಾಗಬೇಕೆಂಬ ಹಂಬಲವೂ ಅವರಿಗಿತ್ತು. ಆದರೆ 1940ರಲ್ಲಿ, ಇಪ್ಪತ್ತೊಂದರ ವಯಸ್ಸಿನಲ್ಲಿ, ರಾಜ್ಯಭಾರ ಹೆಗಲೇರಿತು. ಆದರೂ ಅಭ್ಯಾಸವನ್ನು ಬಿಡದೆ 1945ರಲ್ಲಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯನ್ನು ಪಡೆದರು. ರಷ್ಯದಿಂದ ಹೊರಬಂದು ಇಂಗ್ಲೆಂಡಿನಲ್ಲಿ ನೆಲೆಸಿದ್ದ ನಿಕೊಲಾಯ್ ಮೆಟ್ನರ್ ಎಂಬ ವಾಗ್ಗೇಯಕಾರನ ಕೃತಿಗಳು ಧ್ವನಿಮುದ್ರಿತವಾಗುವಂತೆ ಉದಾರವಾಗಿ ನೆರವಿತ್ತರು. ಕೃತಜ್ಞನಾದ ಮೆಟ್ನರನು ತನ್ನ ಮೂರನೆಯ ಪಿಯಾನೋ ಕಂಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಮುಂದೆ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದರು.

ಈ ನಿದರ್ಶನದಲ್ಲಿ ಪೋಷಕರು ಗ್ರಹಿಸಬೇಕಾದ ತಾತ್ಪರ್ಯವೊಂದುಂಟು. ಕಲಿತ ಪಿಯಾನೋ ವಿದ್ಯೆ ಜಯಚಾಮರಾಜ ಒಡೆಯರ ವೃತ್ತಿಯಾಗಲಿಲ್ಲ. ಹಾಗೆಂದು ಅದು ವ್ಯರ್ಥವೂ ಆಗಲಿಲ್ಲ. ಅದು ಒಬ್ಬ ರಸಿಕನನ್ನು, ಒಬ್ಬ ಪೋಷಕನನ್ನು, ಒಬ್ಬ ವಾಗ್ಗೇಯಕಾರನನ್ನು ರೂಪಿಸುವಲ್ಲಿ ನೆರವಾಯಿತು. ಪಾಠಕ್ಕೆ ಬರುವ ಮಕ್ಕಳಲ್ಲಿ ವೃತ್ತಿವಾದಕರಾಗುವವರು ಎಲ್ಲೋ ಒಬ್ಬಿಬ್ಬರು. ಉಳಿದವರು ಒಳ್ಳೆಯ ಕೇಳುಗರಾಗಿ ಬೆಳೆದರೆ ಶಿಕ್ಷಣ ಸಾರ್ಥಕವಾದಂತೆಯೇ.

ಸಿದ್ಧತೆಯ ಲಕ್ಷಣಗಳು

ಮೇಲಿನ ವಿವೇಚನೆಯಿಂದ ಕೆಲವು ಪ್ರಾಯೋಗಿಕ ಸೂಚನೆಗಳನ್ನು ಸಂಗ್ರಹಿಸಬಹುದು. ಕಿವಿಯ ಶಿಕ್ಷಣಕ್ಕೆ ವಯಸ್ಸಿನ ಕಟ್ಟಿಲ್ಲ. ಅದು ಜೋಗುಳದೊಡನೆ ಆರಂಭವಾಗುತ್ತದೆ. ಮೂರರಿಂದ ಐದು ವರ್ಷದವರೆಗೆ ಹಾಡುವುದು, ಚಪ್ಪಾಳೆಯಲ್ಲಿ ತಾಳ ಹಿಡಿಯುವುದು, ಕುಣಿಯುವುದು, ಸ್ವರದ ಏರಿಳಿತವನ್ನು ಗುರುತಿಸುವುದು, ಇವೇ ಯೋಗ್ಯವಾದ ಪಾಠಗಳು. ಇದಕ್ಕೆ ಪಿಯಾನೋ ಬೇಕೆಂದೇನೂ ಇಲ್ಲ.

ವಾದ್ಯದ ಮುಂದಿನ ಕ್ರಮಬದ್ಧ ಪಾಠಕ್ಕೆ ಹೆಚ್ಚಿನ ಮಕ್ಕಳು ಆರರಿಂದ ಎಂಟು ವರ್ಷದೊಳಗೆ ಸಿದ್ಧರಾಗುತ್ತಾರೆ. ಆದರೆ ನೋಡಬೇಕಾದುದು ಜನ್ಮದಿನಾಂಕವನ್ನಲ್ಲ, ಲಕ್ಷಣಗಳನ್ನು. ಮಗು ತನ್ನ ಮಾತೃಭಾಷೆಯ ಅಕ್ಷರಗಳನ್ನು ಗುರುತಿಸಬಲ್ಲುದೆ? ಎಡಬಲಗಳ ಭೇದವನ್ನು ತಿಳಿದಿದೆಯೆ? ಒಂದೊಂದೇ ಬೆರಳನ್ನು ಬೇರೆಯಾಗಿ ಆಡಿಸಬಲ್ಲುದೆ? ಹದಿನೈದು ನಿಮಿಷ ಒಂದೆಡೆ ಕುಳಿತು ಒಂದು ಕೆಲಸದಲ್ಲಿ ಮನಸ್ಸಿಡಬಲ್ಲುದೆ? ಎಲ್ಲಕ್ಕೂ ಮಿಗಿಲಾಗಿ, ವಾದ್ಯವನ್ನು ಕಂಡೊಡನೆ ತಾನಾಗಿಯೇ ಹತ್ತಿರ ಹೋಗುತ್ತದೆಯೆ? ಇವುಗಳಿಗೆ ಉತ್ತರ ಅನುಕೂಲವಾಗಿದ್ದರೆ ಆರಂಭಿಸಬಹುದು. ಇಲ್ಲವಾದರೆ ಒಂದು ವರ್ಷ ಕಾಯುವುದರಿಂದ ನಷ್ಟವೇನಿಲ್ಲ. ಐದರಲ್ಲಿ ಒಂದು ವರ್ಷ ತಿಣುಕಿ ಕಲಿತುದನ್ನು ಎಂಟರ ಮಗು ಅನೇಕ ವೇಳೆ ಕೆಲವೇ ತಿಂಗಳುಗಳಲ್ಲಿ ನಗುನಗುತ್ತ ಕಲಿಯುತ್ತದೆ.

ಆರಂಭದಲ್ಲಿ ದಿನಕ್ಕೆ ಹತ್ತು ಹದಿನೈದು ನಿಮಿಷಗಳ ಅಭ್ಯಾಸ ಸಾಕು. ಆದರೆ ಅದು ಪ್ರತಿದಿನವೂ ನಡೆಯಬೇಕು. ವಾರಕ್ಕೊಮ್ಮೆ ಎರಡು ಗಂಟೆ ಕೂರಿಸುವುದು ಪ್ರಯೋಜನಕಾರಿಯಲ್ಲ. ಆಸನದ ಎತ್ತರ ಮುಂಗೈ ಪಟ್ಟಿಗಳ ಮಟ್ಟಕ್ಕೆ ಸಮನಾಗುವಂತಿರಬೇಕು, ಕಾಲಿಗೆ ಮಣೆ ಇರಬೇಕು, ಉಗುರುಗಳನ್ನು ಕತ್ತರಿಸಿರಬೇಕು. ಪಿಯಾನೋ ಕೊಳ್ಳುವ ಶಕ್ತಿಯಿಲ್ಲದವರು ವಿದ್ಯುತ್ ಕೀಬೋರ್ಡಿನಿಂದ ಆರಂಭಿಸಬಹುದು. ಆದರೆ ಹಗುರವಾದ ಪಟ್ಟಿಗಳುಳ್ಳ ಕೀಬೋರ್ಡಿನಲ್ಲಿ ಬೆರಳಿಗೆ ಬಲವೂ ನಾದದ ತೂಕವೂ ತಿಳಿಯುವುದಿಲ್ಲ. ಒಂದೆರಡು ವರ್ಷಗಳ ಮೇಲೆ, ಪಿಯಾನೋದಂತೆಯೇ ಭಾರವಾದ 88 ಪಟ್ಟಿಗಳುಳ್ಳ ವಾದ್ಯ ದೊರೆತರೆ ಒಳ್ಳೆಯದು. ಪರೀಕ್ಷೆಗಳ ಮೆಟ್ಟಿಲನ್ನು ಬೇಗಬೇಗನೆ ಏರಿಸುವ ಆತುರವೂ ಸಲ್ಲದು. ವರ್ಷವಿಡೀ ಪರೀಕ್ಷೆಯ ಮೂರು ಕೃತಿಗಳನ್ನೇ ನುಡಿಸಿದ ಮಗುವಿಗೆ ಪ್ರಮಾಣಪತ್ರ ದೊರೆಯಬಹುದು, ಸಂಗೀತ ದೊರೆಯಲಾರದು.

ಹತ್ತು, ಹನ್ನೆರಡು, ಹದಿನೈದರಲ್ಲಿ ಬರುವ ವಿದ್ಯಾರ್ಥಿಯನ್ನು ಯಾವ ಶಿಕ್ಷಕನೂ ಹಿಂದಕ್ಕೆ ಕಳಿಸಬಾರದು. ಅವನ ಕೈ ಬೆಳೆದಿದೆ, ಬುದ್ಧಿ ಬಲಿತಿದೆ, ಮುಖ್ಯವಾಗಿ ಅವನು ತಾನಾಗಿ ಬಂದಿದ್ದಾನೆ. ವೃತ್ತಿವಾದಕನಾಗುವ ಸಂಭವ ಸ್ವಲ್ಪ ಕಡಿಮೆಯಾಗಿರಬಹುದು. ಸಂಗೀತದ ಆನಂದಕ್ಕೆ ಅದರಿಂದ ಕುಂದಿಲ್ಲ.

ಗಿಡ ಬಗ್ಗುವ ಕಾಲವೊಂದಿದೆಯೆಂಬುದು ನಿಜ. ಅದನ್ನು ಪಂಚಾಂಗದಲ್ಲಿ ಹುಡುಕಬೇಕಾಗಿಲ್ಲ. ಗಿಡದ ಬಳಿ ದಿನವೂ ನಿಲ್ಲುವವನಿಗೆ ಅದು ತಾನಾಗಿಯೇ ಗೋಚರಿಸುತ್ತದೆ. ಮಗುವನ್ನು ಯಾವ ವಯಸ್ಸಿನಲ್ಲಿ ಪಾಠಕ್ಕೆ ಸೇರಿಸಬೇಕೆಂದು ಕೇಳುವ ತಂದೆತಾಯಿಗಳು ಅದರೊಡನೆ ಇನ್ನೊಂದು ಪ್ರಶ್ನೆಯನ್ನೂ ತಮಗೆ ತಾವೇ ಹಾಕಿಕೊಳ್ಳುವುದು ಉಚಿತ: ದಿನಕ್ಕೆ ಹದಿನೈದು ನಿಮಿಷ ಮಗುವಿನ ಪಕ್ಕದಲ್ಲಿ ಕುಳಿತು, ತಿದ್ದದೆ, ಗದರದೆ, ಅದು ನುಡಿಸುವುದನ್ನು ಕೇಳುವ ಬಿಡುವು ಮನೆಯಲ್ಲಿ ಯಾರಿಗಿದೆ? ಆ ಬಿಡುವು ದೊರೆತ ದಿನವೇ ಪಾಠ ಆರಂಭಿಸಲು ಶುಭದಿನ.